ಯಂತ್ರ ಹೆಚ್ಚಿದರೆ ಸಾಕೆ, ಮಾತು ಉಳಿಯಬೇಡವೇ?

ನಮ್ಮ ಪಟ್ಟಣಗಳ ಯಾವುದೇ ಮುಖ್ಯರಸ್ತೆಯಲ್ಲಿ ಬೆಳಗ್ಗೆ ಹತ್ತು ಗಂಟೆಗೆ ನಡೆದು ಹೋದರೆ ಕಣ್ಣಿಗೆ ಬೀಳುವ ದೃಶ್ಯವೊಂದಿದೆ. ಗ್ಯಾರೇಜು, ಲೇತ್, ವೆಲ್ಡಿಂಗ್ ಅಂಗಡಿಗಳ ಸಾಲು, ಅವುಗಳ ಮುಂದೆ ರಸ್ತೆಯವರೆಗೂ ಚಾಚಿಕೊಂಡ ಕಬ್ಬಿಣದ ಪೈಪುಗಳು, ಅರ್ಧ ಮುಗಿದ ಗೇಟುಗಳು, ಕಿಡಿಗಳ ನಡುವೆ ಕುಳಿತ ಯುವಕರು. ಈ ಅಂಗಡಿಗಳ ದೊಡ್ಡ ಪಾಲು ನಮ್ಮ ಸಮುದಾಯದವರ ಕೈಯಲ್ಲಿದೆ. 2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿಯು, ಮುಸ್ಲಿಮ್ ದುಡಿಮೆಗಾರರಲ್ಲಿ ಬಹುಪಾಲು ಜನರು ಸಂಬಳದ ನೌಕರಿಯಲ್ಲಲ್ಲ, ಸ್ವಂತ ಉದ್ಯೋಗದಲ್ಲಿ ಬದುಕುತ್ತಿದ್ದಾರೆಂದೂ ಬ್ಯಾಂಕಿನ ಸಾಲ ಅವರಿಗೆ ಸುಲಭವಾಗಿ ದಕ್ಕುವುದಿಲ್ಲವೆಂದೂ ದಾಖಲಿಸಿತ್ತು. ಆ ವರದಿಯನ್ನು ಹಿಡಿದು ನಾವು ಸರಕಾರವನ್ನು ಪ್ರಶ್ನಿಸಿದೆವು. ಪ್ರಶ್ನಿಸಬೇಕಾದದ್ದೇ. ಆದರೆ ಅದೇ ವರದಿ ನಮ್ಮ ಮುಂದೆಯೂ ಒಂದು ಪ್ರಶ್ನೆಯನ್ನು ಇಟ್ಟಿತ್ತು. ನಮ್ಮ ಕೈಯಲ್ಲೇ ಇರುವ ಈ ಅಂಗಡಿಗಳನ್ನು ನಾವು ಹೇಗೆ ನಡೆಸುತ್ತಿದ್ದೇವೆ? ಈ ಪ್ರಶ್ನೆಯನ್ನು ನಾವು ಇನ್ನೂ ಗಂಭೀರವಾಗಿ ಎತ್ತಿಕೊಂಡಿಲ್ಲ.

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯಂತಹ ಊರಿನ ಒಂದು ಫ್ಯಾಬ್ರಿಕೇಷನ್ ಅಂಗಡಿಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಹತ್ತು ವರ್ಷಗಳ ಹಿಂದೆ ಒಂದು ವೆಲ್ಡಿಂಗ್ ಯಂತ್ರ, ಒಂದು ಡ್ರಿಲ್, ಒಬ್ಬ ಹುಡುಗ, ಇಷ್ಟರಿಂದ ಆರಂಭವಾದದ್ದು. ಕಿಟಕಿಯ ಜಾಳಿಗೆ, ಶಟರ್, ಗೇಟು ಮಾಡುತ್ತಿದ್ದವರು ನಂತರ ಕುಂಟೆ, ಕೂರಿಗೆ, ಟ್ರ್ಯಾಕ್ಟರ್ ಟ್ರೇಲರ್‌ಗಳಿಗೂ ಕೈ ಹಾಕಿದರು. ಕೆಲಸ ಚೆನ್ನಾಗಿದೆಯೆಂಬ ಮಾತು ಹರಡಿತು. ಸುತ್ತಲ ಹಳ್ಳಿಗಳಿಂದ ಗಿರಾಕಿಗಳು ಬರತೊಡಗಿದರು. ಈಗ ಆರು ಜನ ಕೆಲಸಗಾರರಿದ್ದಾರೆ, ಎರಡು ವೆಲ್ಡಿಂಗ್ ಯಂತ್ರಗಳಿವೆ. ಹೊರಗಿನಿಂದ ನೋಡಿದವರು ಅಂಗಡಿ ಬೆಳೆಯಿತೆನ್ನುತ್ತಾರೆ. ಒಳಗಿರುವ ಮಾಲೀಕರಿಗೆ ಮಾತ್ರ ರಾತ್ರಿ ನಿದ್ದೆಯಿಲ್ಲ. ‘ಹದಿನೈದು ದಿನ’ ಎಂದು ಹೇಳಿದ ಗೇಟು ಎರಡು ತಿಂಗಳಾದರೂ ಮುಗಿದಿಲ್ಲ. ಗಿರಾಕಿಯ ಫೋನು ಬಂದರೆ ಎತ್ತಲು ಕೈ ಬಾರದು. ಇಂತಹ ಹೊತ್ತಿನಲ್ಲಿ ಬರುವ ಮೊದಲ ಆಲೋಚನೆ ಒಂದೇ: ಸಾಲ ಮಾಡಿ ಇನ್ನೊಂದು ಯಂತ್ರ ತರೋಣ.

ಈ ಆಲೋಚನೆಯನ್ನೇ ಇಂದು ನಾವು ಪರಿಶೀಲಿಸಬೇಕಾಗಿದೆ.

ಅಂಗಡಿಯ ಕೆಲಸವನ್ನು ಮೂರು ಹಂತಗಳಾಗಿ ನೋಡೋಣ. ಕತ್ತರಿಸುವವರು ದಿನಕ್ಕೆ ಎಂಟು ಕಿಟಕಿಗಳಿಗೆ ಬೇಕಾದ ತುಂಡುಗಳನ್ನು ಸಿದ್ಧಪಡಿಸಬಲ್ಲರು ಎಂದಿಟ್ಟುಕೊಳ್ಳೋಣ. ವೆಲ್ಡಿಂಗ್ ಮಾಡುವವರು ಆರನ್ನು ಜೋಡಿಸಬಲ್ಲರು. ಗ್ರೈಂಡಿಂಗ್ ಮಾಡಿ ರೆಡ್ ಆಕ್ಸೈಡ್ ಬಳಿಯುವ ಹುಡುಗ ಮೂರನ್ನು ಮಾತ್ರ ಮುಗಿಸಬಲ್ಲ. ಹಾಗಾದರೆ ಆ ಅಂಗಡಿಯ ಸಾಮರ್ಥ್ಯವೆಷ್ಟು? ಎಂಟಲ್ಲ, ಆರಲ್ಲ, ಮೂರು. ಸಾಲ ಮಾಡಿ ಮೂರನೆಯ ವೆಲ್ಡಿಂಗ್ ಯಂತ್ರ ತಂದರೂ ದಿನಕ್ಕೆ ಹೊರಹೋಗುವ ಕಿಟಕಿಗಳು ಮೂರೇ. ಹೆಚ್ಚುವುದು ಬಣ್ಣಕ್ಕಾಗಿ ಕಾಯುವ ರಾಶಿ ಮತ್ತು ತಿಂಗಳ ಕಂತು. ಇಸ್ರೇಲಿನ ಭೌತವಿಜ್ಞಾನಿ ಎಲಿಯಾಹು ಗೋಲ್ಡ್‌ರಾಟ್ 1984ರಲ್ಲಿ ‘ದ ಗೋಲ್’ ಎಂಬ ಕಾದಂಬರಿಯ ರೂಪದಲ್ಲಿ ಕಾರ್ಖಾನೆಯ ಜಗತ್ತಿಗೆ ತಿಳಿಸಿದ ಮುಖ್ಯ ವಿಷಯ ಇದೇ ಆಗಿತ್ತು. ಇಡೀ ಕಾರ್ಖಾನೆಯ ವೇಗವನ್ನು ಅದರ ಅತ್ಯಂತ ಇಕ್ಕಟ್ಟಾದ ಹಂತವೇ ನಿರ್ಧರಿಸುತ್ತದೆ. ಕಾಲುವೆಗೆ ಎಷ್ಟೇ ನೀರು ಬಿಟ್ಟರೂ ತೂಬಿನ ಬಾಯಿ ಎಷ್ಟಿದೆಯೋ ಅಷ್ಟೇ ನೀರು ಹೊಲಕ್ಕೆ ಹರಿಯುವುದೆಂಬುದು ನಮ್ಮ ರೈತರಿಗೆ ಹೊಸದೇನಲ್ಲ. ಅದನ್ನು ಅಂಗಡಿಗೆ ಅನ್ವಯಿಸಲು ನಾವು ಮರೆತಿದ್ದೇವೆ.

ಆ ತೂಬು ಎಲ್ಲಿದೆಯೆಂದು ತಿಳಿಯಲು ದೊಡ್ಡ ತಜ್ಞರು ಬೇಕಾಗಿಲ್ಲ. ಅರ್ಧ ಮುಗಿದ ಸಾಮಾನು ಎಲ್ಲಿ ಹೆಚ್ಚು ರಾಶಿ ಬಿದ್ದಿದೆಯೋ, ಸಾಮಾನ್ಯವಾಗಿ ಅದರ ಮುಂದಿನ ಹಂತವೇ ಇಕ್ಕಟ್ಟಿನ ಜಾಗ. ಅಲ್ಲಿ ನಿಂತು ಒಂದು ದಿನ ಸುಮ್ಮನೆ ನೋಡಿದರೆ ಕಾರಣಗಳೂ ಕಾಣುತ್ತವೆ. ಬಣ್ಣ ಬಳಿಯುವ ಹುಡುಗನನ್ನೇ ಚಹಾ ತರಲು ಕಳಿಸಲಾಗುತ್ತದೆ. ಹುಬ್ಬಳ್ಳಿಯಿಂದ ಕಬ್ಬಿಣದ ಲಾರಿ ಬಂದರೆ ಇಳಿಸಲು ಅವನೇ ಬೇಕು. ಬಣ್ಣದ ಕೆಲಸ ನಡೆಯುವುದು ಬಯಲಿನಲ್ಲಾದ್ದರಿಂದ ಮಳೆ ಹನಿದರೆ ಆ ದಿನ ನಷ್ಟ. ವೆಲ್ಡಿಂಗ್ ಮಾಡುವವರು ಕರೆಂಟನ್ನು ಸರಿಯಾಗಿ ಹೊಂದಿಸದೆ ಸಿಡಿಸಿದ ಲೋಹದ ಹನಿಗಳನ್ನು ಉಜ್ಜಿ ತೆಗೆಯುವುದರಲ್ಲೇ ಅವನ ಅರ್ಧ ಹೊತ್ತು ಕಳೆಯುತ್ತದೆ. ಇವುಗಳಲ್ಲಿ ಯಾವುದನ್ನು ಸರಿಪಡಿಸಲು ಸಾಲ ಬೇಕು? ನಾಲ್ಕು ತಗಡಿನ ಚಾವಣಿ, ಚೌಕಟ್ಟುಗಳನ್ನು ನೇತುಹಾಕಲು ಒಂದು ಅಡ್ಡಕಂಬ, ‘ಈ ಹುಡುಗನನ್ನು ಬೇರೆ ಯಾವ ಕೆಲಸಕ್ಕೂ ಎಬ್ಬಿಸಬಾರದು’ ಎಂಬ ಒಂದು ನಿಯಮ, ಇಷ್ಟು ಸಾಕು. ಬಣ್ಣಕ್ಕಾಗಿ ಆರಕ್ಕಿಂತ ಹೆಚ್ಚು ಚೌಕಟ್ಟುಗಳು ಕಾಯುತ್ತಿದ್ದರೆ ವೆಲ್ಡಿಂಗ್ ನಿಲ್ಲಿಸಿ ಅವರೂ ಗ್ರೈಂಡರ್ ಹಿಡಿಯಬೇಕೆಂದು ಗೊತ್ತುಮಾಡಿದರೆ ಮೂರು ನಾಲ್ಕಾಗುತ್ತದೆ, ನಾಲ್ಕು ಐದಾಗಲೂಬಹುದು. ಇಷ್ಟೆಲ್ಲ ಮಾಡಿದ ಮೇಲೆಯೂ ಯಂತ್ರವೇ ಇಕ್ಕಟ್ಟಾಗಿ ಉಳಿದರೆ ಆಗ ಯಂತ್ರ ಕೊಳ್ಳುವುದು ವಿವೇಕ. ಅದಕ್ಕೆ ಮೊದಲು ಕೊಳ್ಳುವುದು ದುಂದು.

ಇದು ಬಡವರ ಕಥೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಎರಡನೆಯ ಮಹಾಯುದ್ಧದ ನಂತರ ಜಪಾನಿನ ಟೊಯೋಟಾ ಕಂಪೆನಿಯ ಬಳಿ ಅಮೆರಿಕದವರಂತೆ ಯಂತ್ರಗಳನ್ನು ಸಾಲುಸಾಲಾಗಿ ಕೊಳ್ಳುವ ಹಣವಿರಲಿಲ್ಲ. ಅಲ್ಲಿನ ತೈಚಿ ಓನೊ ಎಂಬ ಇಂಜಿನಿಯರ್ ಇದ್ದ ಯಂತ್ರಗಳ ನಡುವೆಯೇ ಕೆಲಸ ಹರಿಯುವ ಕ್ರಮವನ್ನು ತಿದ್ದಿದರು. ಬೇಡದ್ದನ್ನು ಮುಂಚಿತವಾಗಿ ಮಾಡಿ ರಾಶಿ ಹಾಕುವುದು, ಕಾಯುವುದು, ಅನಗತ್ಯವಾಗಿ ಸಾಗಿಸುವುದು, ಬೇಕಾದದ್ದಕ್ಕಿಂತ ಹೆಚ್ಚು ಕೆಲಸ ಮಾಡುವುದು, ದಾಸ್ತಾನು, ಕೈಕಾಲುಗಳ ವ್ಯರ್ಥ ಓಡಾಟ, ತಪ್ಪಾಗಿ ಮಾಡಿ ಮತ್ತೆ ಮಾಡುವುದು ಎಂಬ ಏಳು ಬಗೆಯ ನಷ್ಟಗಳನ್ನು ಅವರು ಪಟ್ಟಿ ಮಾಡಿದರು. ನಮ್ಮ ಅಂಗಡಿಯಲ್ಲಿ ಈ ಏಳರಲ್ಲಿ ಯಾವುದು ಇಲ್ಲ? ಡ್ರಿಲ್ಲಿನ ಬಿಟ್ ಹುಡುಕಲು ಹದಿನೈದು ನಿಮಿಷ, ಅಳತೆ ಬರೆದ ಚೀಟಿ ಹುಡುಕಲು ಇನ್ನು ಹತ್ತು ನಿಮಿಷ. ಒಳಗಿರುವ ಕಟಿಂಗ್ ಯಂತ್ರಕ್ಕೆ ಆರು ಮೀಟರ್ ಪೈಪನ್ನು ತಲುಪಿಸಲು ಮೂರು ಗೇಟುಗಳನ್ನು ಎತ್ತಿ ಪಕ್ಕಕ್ಕಿಡುವ ಪಾಡು. ಇವೆಲ್ಲ ಯಾವ ಲೆಕ್ಕದ ಪುಸ್ತಕದಲ್ಲೂ ಬರೆಯಲ್ಪಡದ ಖರ್ಚುಗಳು.

ನಮ್ಮ ನಾಡಿನಲ್ಲೇ ನಡೆದ ಇನ್ನೊಂದು ಸಂಗತಿಯನ್ನೂ ಇಲ್ಲಿ ಸ್ಮರಿಸಬಹುದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ತೆರೆದದ್ದು ಒಂದು ಸೈಕಲ್ ಅಂಗಡಿ. ಅಲ್ಲಿಂದ ಅವರು ಮೇವು ಕತ್ತರಿಸುವ ಯಂತ್ರಕ್ಕೂ ಕಬ್ಬಿಣದ ನೇಗಿಲಿಗೂ ಬಂದರು. ಕಬ್ಬಿಣ ತಾಗಿದರೆ ನೆಲ ಕೆಡುತ್ತದೆಂಬ ನಂಬಿಕೆಯಿಂದ ರೈತರು ಆ ನೇಗಿಲನ್ನು ಬಹುಕಾಲ ಮುಟ್ಟಲಿಲ್ಲವೆಂದು ಹೇಳಲಾಗುತ್ತದೆ. 1910ರಲ್ಲಿ ಬೆಳಗಾವಿಯನ್ನು ಬಿಟ್ಟು ಔಂಧ್ ಸಂಸ್ಥಾನಕ್ಕೆ ಹೋಗಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅದೇ ಮನೆತನ 1941ರಲ್ಲಿ, ನಮ್ಮ ಜಿಲ್ಲೆಯ ನೆರೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಎಂಬ ಲೇತ್ ತಯಾರಿಕೆಯ ಕಾರ್ಖಾನೆಯನ್ನು ಸ್ಥಾಪಿಸಿತು. 1997ರಲ್ಲಿ ಬಿಡದಿಯಲ್ಲಿ ಟೊಯೋಟಾದ ಹೆಸರೂ ಕಿರ್ಲೋಸ್ಕರ್ ಹೆಸರೂ ಒಂದೇ ಫಲಕದಲ್ಲಿ ಕೂಡಿಕೊಂಡವು. ಆದರೆ ಹರಿಹರದ ಆ ಪ್ರಸಿದ್ಧ ಕಾರ್ಖಾನೆ ಮಾತ್ರ ಇಂದು ಇಲ್ಲ. ಅಂಗಡಿ ಚಿಕ್ಕದೆಂಬ ಕಾರಣಕ್ಕೆ ಯಾರೂ ಸಣ್ಣವರಾಗುವುದಿಲ್ಲ, ಕಾರ್ಖಾನೆ ದೊಡ್ಡದೆಂಬ ಕಾರಣಕ್ಕೆ ಯಾರೂ ಉಳಿಯುವುದೂ ಇಲ್ಲ ಎಂಬ ಎರಡು ಪಾಠಗಳೂ ಈ ಒಂದೇ ಮನೆತನದ ಇತಿಹಾಸದಲ್ಲಿವೆ.

ಈಗ ಈ ಅಂಗಡಿಗಳ ಅತ್ಯಂತ ನೋವಿನ ವಿಷಯಕ್ಕೆ ಬರೋಣ. ಅದು ಮುಂಗಡ ಹಣದ ವಿಷಯ. ಹೊಸ ಗಿರಾಕಿ ಗೇಟಿಗೆಂದು ಕೊಟ್ಟ ಮುಂಗಡದಲ್ಲಿ ಹಳೆಯ ಗಿರಾಕಿಯ ಟ್ರೇಲರಿಗೆ ಕಬ್ಬಿಣ ಬರುತ್ತದೆ. ಹೊಸ ಗಿರಾಕಿಯ ಗೇಟಿಗೆ ಕಬ್ಬಿಣ ತರಲು ಇನ್ನೂ ಹೊಸ ಗಿರಾಕಿ ಬರಬೇಕು. ಹೀಗೆ ಒಬ್ಬರ ತಲೆಯ ಟೋಪಿ ಇನ್ನೊಬ್ಬರ ತಲೆಗೆ ಹೋಗುತ್ತಲೇ ಇರುತ್ತದೆ. ಮಾಲೀಕರು ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಬಹುತೇಕರು ಐದು ಹೊತ್ತಿನ ನಮಾಝ್ ತಪ್ಪಿಸದವರು, ಯಾರ ಹಣವನ್ನೂ ನುಂಗಬೇಕೆಂದು ಬಯಸದವರು. ಆದರೂ ದಿನಕ್ಕೆ ಹತ್ತು ಬಾರಿ ‘ನಾಳೆ ಖಂಡಿತ’ ಎಂದು ಹೇಳಬೇಕಾದ ಸ್ಥಿತಿಗೆ ಅವರು ತಲುಪಿದ್ದಾರೆ. ಕೊಟ್ಟ ಮಾತು ಅಮಾನತ್ತು ಎಂದು ಮಕ್ಕಳಿಗೆ ಕಲಿಸುವ ಸಮುದಾಯದ ಅಂಗಡಿಯಲ್ಲಿ ಸುಳ್ಳು ದಿನಾಂಕವೇ ವ್ಯವಹಾರದ ಭಾಷೆಯಾಗಬೇಕೇ?

ಇದಕ್ಕೂ ಒಂದು ಸರಳ ಲೆಕ್ಕವಿದೆ. 1961ರಲ್ಲಿ ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸರು ಗಣಿತದ ಮೂಲಕ ಸಾಧಿಸಿ ತೋರಿಸಿದ ಸೂತ್ರ ಅದು. ಅಂಗಡಿಯಲ್ಲಿ ಆರಂಭವಾಗಿ ಮುಗಿಯದೆ ಇರುವ ಕೆಲಸಗಳ ಸಂಖ್ಯೆಯನ್ನು ವಾರಕ್ಕೆ ಮುಗಿಯುವ ಕೆಲಸಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಕೆಲಸ ಸರಾಸರಿ ಎಷ್ಟು ವಾರ ಅಂಗಡಿಯಲ್ಲಿ ಉಳಿಯುತ್ತದೆಂಬುದು ಸಿಗುತ್ತದೆ. ನಲವತ್ತು ಕೆಲಸಗಳು ನಡುವೆ ನಿಂತಿವೆ, ವಾರಕ್ಕೆ ಐದು ಮುಗಿಯುತ್ತವೆ ಎಂದರೆ ಪ್ರತಿಯೊಂದಕ್ಕೂ ಎಂಟು ವಾರ. ಆ ಅಂಗಡಿಯಲ್ಲಿ ನಿಂತು ‘ಹದಿನೈದು ದಿನ’ ಎಂದು ಹೇಳುವವರು ಸುಳ್ಳು ಹೇಳುವ ಉದ್ದೇಶವಿಲ್ಲದೆಯೇ ಸುಳ್ಳು ಹೇಳುತ್ತಾರೆ. ಬದಲಿಗೆ ಒಂದೇ ಸಮಯಕ್ಕೆ ಹದಿನೈದಕ್ಕಿಂತ ಹೆಚ್ಚು ಕೆಲಸ ಆರಂಭಿಸುವುದಿಲ್ಲವೆಂದು ನಿಶ್ಚಯಿಸಿದರೆ, ಆರಂಭವಾದ ಕೆಲಸ ಮೂರು ವಾರಗಳಲ್ಲಿ ಮುಗಿಯುತ್ತದೆ. ಉಳಿದ ಇಪ್ಪತ್ತೈದು ಗಿರಾಕಿಗಳ ಕಾಯುವಿಕೆ ಇದರಿಂದ ಕೂಡಲೇ ಮಾಯವಾಗುವುದಿಲ್ಲ, ನಿಜ. ಆದರೆ ಅವರ ಹೆಸರು ಸರದಿಯ ಪುಸ್ತಕದಲ್ಲಿರುತ್ತದೆ, ಅವರ ಹಣ ಅವರ ಕಿಸೆಯಲ್ಲೇ ಇರುತ್ತದೆ, ‘ನಿಮ್ಮ ಕೆಲಸ ಇಂಥ ದಿನ ಆರಂಭ, ಇಂಥ ದಿನ ಕೈಗೆ’ ಎಂದು ಹೇಳಿದ ಮಾತು ನಿಜವಾಗುತ್ತದೆ. ಅರ್ಧ ಮುಗಿದ ಸಾಮಾನು ಕಡಿಮೆಯಾದಂತೆ ನೆಲ ಖಾಲಿಯಾಗುತ್ತದೆ, ಎತ್ತಿಡುವ ಮತ್ತು ಹುಡುಕುವ ಕೆಲಸ ತಪ್ಪುತ್ತದೆ. ಹಾಗೆ ಉಳಿದ ಹೊತ್ತಿನಲ್ಲಿ ವಾರಕ್ಕೆ ಐದರ ಬದಲು ಆರು ಮುಗಿಯಲು ದಾರಿಯಾಗುತ್ತದೆ. ಆಗ ಕಾಯುವಿಕೆಯೂ ನಿಜವಾಗಿ ಇಳಿಯುತ್ತದೆ.

ನಮ್ಮ ಕಡೆಯ ಅಂಗಡಿಗಳಿಗೆ ಋತುವಿನ ಕಷ್ಟವೂ ಇದೆ. ಮೇ ತಿಂಗಳಲ್ಲಿ ಮೋಡ ಕಾಣಿಸಿದ ಕೂಡಲೇ ಕೂರಿಗೆಗಾಗಿ ರೈತರು ಸಾಲುಗಟ್ಟುತ್ತಾರೆ. ಗೋವಿನಜೋಳವೋ ಹತ್ತಿಯೋ ಬಿತ್ತುವ ಹದ ಕೆಲವೇ ದಿನಗಳದ್ದು. ಕೂರಿಗೆ ಒಂದು ವಾರ ತಡವಾದರೆ ನಷ್ಟವಾಗುವುದು ಅಂಗಡಿಯವರಿಗಲ್ಲ, ರೈತನ ಇಡೀ ವರ್ಷಕ್ಕೆ. ಜನವರಿಯಿಂದ ಮಾರ್ಚ್‌ವರೆಗೆ ಕೆಲಸ ತೆಳುವಾಗಿರುವಾಗ ಎಲ್ಲ ಕೂರಿಗೆಗಳಿಗೂ ಸಮಾನವಾಗಿರುವ ತಾಳು, ಕ್ಲ್ಯಾಂಪು, ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಂಡಿಗಳನ್ನು ತಯಾರಿಸಿಟ್ಟರೆ ಮೇ ತಿಂಗಳಲ್ಲಿ ಉಳಿಯುವುದು ಜೋಡಣೆ ಮಾತ್ರ. ಜಿಗ್ ಎಂದು ಕರೆಯುವ ಅಚ್ಚನ್ನು ಒಮ್ಮೆ ಮಾಡಿಟ್ಟರೆ ಪ್ರತಿ ಸಲ ಅಳೆಯುವ, ಗುರುತು ಹಾಕುವ ಕೆಲಸವೂ ತಪ್ಪುತ್ತದೆ, ಹೊಸಬನ ಕೈಯಿಂದಲೂ ಮೂಲೆ ನೇರವಾಗಿ ಬರುತ್ತದೆ. ಕಬ್ಬಿಣ ಕತ್ತರಿಸುವಾಗಲೂ ಒಂದೊಂದು ಗಿರಾಕಿಯ ಲೆಕ್ಕ ಬೇರೆಬೇರೆಯಾಗಿ ಹಿಡಿಯದೆ ವಾರದ ಎಲ್ಲ ಕೆಲಸಗಳ ಅಳತೆಗಳನ್ನು ಒಂದೇ ಪಟ್ಟಿಯಲ್ಲಿ ಬರೆಯಬೇಕು. ಆರು ಮೀಟರ್ ಪೈಪಿನಿಂದ 1.75 ಮೀಟರಿನ ಮೂರು ತುಂಡು ತೆಗೆದರೆ ಮುಕ್ಕಾಲು ಮೀಟರ್ ಉಳಿಯುತ್ತದೆ. ಇನ್ನೊಬ್ಬರ ಜಾಳಿಗೆಗೆ 70 ಸೆಂಟಿಮೀಟರಿನ ತುಂಡು ಬೇಕಿದ್ದರೆ ಅದು ಅದರಲ್ಲೇ ಆಯಿತು. ಇಲ್ಲದಿದ್ದರೆ ಅದು ಗುಜರಿಗೆ ಹೋಗುತ್ತದೆ.

‘ಇದೆಲ್ಲ ಬರೆದಿಡುವವರು ಯಾರು? ಕೈಯಲ್ಲಿ ಗ್ರೈಂಡರ್ ಹಿಡಿದವರು ಪೆನ್ನು ಹಿಡಿಯುವುದು ಹೇಗೆ?’ ಎಂದು ಕೆಲವರು ಕೇಳಬಹುದು. ನಾವು ಅವರ ಮನೆಯ ಕಡೆಗೇ ಬೆರಳು ತೋರಿಸುತ್ತೇವೆ. ಇಂದು ನಮ್ಮ ಪಟ್ಟಣಗಳಲ್ಲಿ ಬಿ.ಕಾಂ. ಓದಿದ ಹೆಣ್ಣುಮಕ್ಕಳು ಎಷ್ಟು ಮನೆಗಳಲ್ಲಿಲ್ಲ? ಅವರ ಓದು ಮದುವೆಯ ಮಾತುಕತೆಯಲ್ಲಿ ಹೇಳಲು ಮಾತ್ರ ಬಳಕೆಯಾಗುತ್ತಿದೆ. ಸರದಿಯ ಪುಸ್ತಕ, ವಾರದ ಕತ್ತರಿಸುವ ಪಟ್ಟಿ, ಯಾರ ಮುಂಗಡ ಯಾವ ಕಬ್ಬಿಣಕ್ಕೆ ಎಂಬ ಲೆಕ್ಕ, ಇವನ್ನು ಮನೆಯಲ್ಲೇ ಕುಳಿತು ಮಗಳೋ ಸೊಸೆಯೋ ನಡೆಸಬಹುದು, ಅದಕ್ಕೆ ಸಂಬಳವನ್ನೂ ಪಡೆಯಬಹುದು. ಅಂಗಡಿಯ ಹಣ ಮತ್ತು ಮನೆಯ ಹಣ ಒಂದೇ ಜೇಬಿನಲ್ಲಿರುವ ತನಕ ಲಾಭವೆಷ್ಟೆಂದು ಯಾರಿಗೂ ತಿಳಿಯದು. 2025ರಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆಯ ನೋಟಿಸುಗಳು ಬಂದಾಗ ಲೆಕ್ಕವಿಟ್ಟವರಿಗೂ ಇಡದವರಿಗೂ ಇದ್ದ ವ್ಯತ್ಯಾಸ ಎಲ್ಲರಿಗೂ ಅರಿವಾಯಿತು.

ಸಾಲದ ವಿಷಯದಲ್ಲೂ ಒಂದು ಮಾತು. ಬಡ್ಡಿಯಿಂದ ದೂರವಿರಬೇಕೆಂದು ಬಯಸುವ ಕುಟುಂಬಗಳು ‘ಹಾಗಾದರೆ ನಾವು ಬೆಳೆಯುವುದು ಹೇಗೆ?’ ಎಂದು ಕೇಳುತ್ತವೆ. ನ್ಯಾಯವಾದ ಪ್ರಶ್ನೆ. ಇದರ ಮೊದಲ ಉತ್ತರ, ಅಂಗಡಿಯೊಳಗೇ ಅಡಗಿರುವ ಸಾಮರ್ಥ್ಯವನ್ನು ಹೊರತೆಗೆಯುವುದು. ಅದಕ್ಕೆ ಬಡ್ಡಿಯಿಲ್ಲ. ಎರಡನೆಯದು, ಊರಿನ ಉಳ್ಳವರು ಹಣವನ್ನು ಸೈಟುಗಳ ಮೇಲೆ ಸುರಿಯುವ ಬದಲು ಲಾಭನಷ್ಟದ ಪಾಲುದಾರಿಕೆಯಲ್ಲಿ ಇಂತಹ ಅಂಗಡಿಗಳಲ್ಲಿ ತೊಡಗಿಸುವುದು. ಆದರೆ ಲೆಕ್ಕವೇ ಇಲ್ಲದ ಅಂಗಡಿಯಲ್ಲಿ ಯಾರು ಪಾಲುದಾರರಾಗುತ್ತಾರೆ? ಪಾಲುದಾರಿಕೆಗೂ ಮೊದಲು ಪುಸ್ತಕ ಬೇಕು.

ಇನ್ನು ಸರಕಾರದ ಹೊಣೆ. 2006ರ ಎಂಎಸ್‌ಎಂಇ ಕಾಯಿದೆಯ ಪ್ರಕಾರ ನೋಂದಾಯಿತ ಸಣ್ಣ ಘಟಕದಿಂದ ಸಾಮಾನು ಪಡೆದವರು ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಕೊಡಬೇಕು. ಕೊಡದಿದ್ದರೆ ರಾಜ್ಯದ ಸೌಲಭ್ಯ ಮಂಡಳಿಗೆ ದೂರು ಸಲ್ಲಿಸಬಹುದು. 2020ರ ಜುಲೈಯಿಂದ ‘ಉದ್ಯಮ್’ ನೋಂದಣಿ ಉಚಿತವಾಗಿ ನಡೆಯುತ್ತಿದೆ. ಆದರೂ ಶಾಲೆಯ ಗೇಟು ಮಾಡಿಕೊಟ್ಟವರು ಗುತ್ತಿಗೆದಾರರ ಹಿಂದೆ ವರ್ಷಗಟ್ಟಲೆ ಅಲೆಯುವುದು ನಿಂತಿಲ್ಲ. ಕಾನೂನು ಕಾಗದದಲ್ಲಿದ್ದು ಬಡಪಾಯಿಗೆ ದಕ್ಕದಿದ್ದರೆ ಅದರ ಪ್ರಯೋಜನವೇನು? 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರರಿದ್ದಾರೆ, ಬೀಗ ಮಾಡುವವರಿದ್ದಾರೆ, ಆದರೆ ಇಂದು ಊರೂರಿನಲ್ಲಿ ಕಮ್ಮಾರನ ಜಾಗವನ್ನು ತುಂಬಿರುವ ವೆಲ್ಡಿಂಗ್ ಕೆಲಸಗಾರನಿಗೆ ಪ್ರತ್ಯೇಕ ಹೆಸರಿಲ್ಲ. ಜನಪ್ರತಿನಿಧಿಗಳು ಇದನ್ನು ಕೇಳಬೇಕು. ನಾವೂ ಜಮಾಅತ್ತುಗಳ ಸಭೆಗಳಲ್ಲಿ ಚುನಾವಣೆಯ ಮಾತಿನೊಂದಿಗೆ ಉದ್ಯಮ್ ನೋಂದಣಿಯ ಶಿಬಿರವನ್ನೂ ನಡೆಸಬಾರದೇಕೆ?

ಕೊನೆಯದಾಗಿ, ಸಾಮರ್ಥ್ಯದ ಹೆಸರಿನಲ್ಲಿ ನಾವು ಮರೆಯಬಾರದ ಒಂದು ಸಂಗತಿಯಿದೆ. ಅದು ಕೆಲಸಗಾರನ ದೇಹ. ಕಪ್ಪು ಗಾಜಿಲ್ಲದೆ ವೆಲ್ಡಿಂಗ್ ನೋಡಿದ ಹುಡುಗ ರಾತ್ರಿಯಿಡೀ ಕಣ್ಣಲ್ಲಿ ಮರಳು ಬಿದ್ದಂತೆ ನರಳುತ್ತಾನೆ. ಅದನ್ನು ‘ರೂಢಿಯಾಗುತ್ತದೆ’ ಎಂದು ನಗುವವರಿದ್ದಾರೆ. ವೆಲ್ಡಿಂಗ್ ಹೊಗೆಯು ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2017ರಲ್ಲಿ ನಿರ್ಣಯಿಸಿದೆ. ಹದಿನಾಲ್ಕು ತುಂಬದ ಮಗುವನ್ನು ಕೆಲಸಕ್ಕೆ ಹಚ್ಚುವುದೂ ಹದಿನೆಂಟು ತುಂಬದವರನ್ನು ಅಪಾಯಕಾರಿ ಕೆಲಸದಲ್ಲಿ ತೊಡಗಿಸುವುದೂ 2016ರ ತಿದ್ದುಪಡಿಯ ನಂತರ ಕಾನೂನಿಗೆ ವಿರುದ್ಧ. ಶಾಲೆ ಬಿಡಿಸಿ ಉಸ್ತಾದರ ಕೈಗೆ ಒಪ್ಪಿಸುವ ಬದಲು ಶಾಲೆ ಮುಗಿಸಿದ ಮಗನನ್ನು ಐಟಿಐಗೋ ಹುಬ್ಬಳ್ಳಿಯ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೋ ಕಳಿಸಿದರೆ ಅವನು ತಂದೆಯ ಅಂಗಡಿಗೆ ಮರಳುವಾಗ ನಕ್ಷೆ ಓದಬಲ್ಲವನಾಗಿ ಮರಳುತ್ತಾನೆ. ಮುಖಕವಚಕ್ಕೂ ಕೈಗವಸಿಗೂ ಆಗುವ ಖರ್ಚು ಒಂದು ಗೇಟಿನ ಬಣ್ಣದ ಖರ್ಚನ್ನು ಮೀರದು.

ಈ ಮಾತುಗಳನ್ನು ಓದಿದ ಅಂಗಡಿಯ ಮಾಲೀಕರು ನಾಳೆಯೇ ಎಲ್ಲವನ್ನೂ ಬದಲಿಸಬೇಕಾಗಿಲ್ಲ. ಒಂದು ಶುಕ್ರವಾರ, ಜುಮಾದ ನಂತರ ಅಂಗಡಿಯ ಬಾಗಿಲು ಅರ್ಧ ತೆರೆದು, ಕೆಲಸಗಾರರೊಂದಿಗೆ ಕುಳಿತು, ನಡುವೆ ನಿಂತಿರುವ ಕೆಲಸಗಳೆಷ್ಟು ಎಂದು ಎಣಿಸಲಿ. ಕಳೆದ ನಾಲ್ಕು ವಾರಗಳಲ್ಲಿ ಮುಗಿದವೆಷ್ಟು ಎಂದು ಬರೆಯಲಿ. ಭಾಗಿಸಿ ಬಂದ ಉತ್ತರವನ್ನು ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ತೂಗಿಸಲಿ. ಅಂದಿನಿಂದ ಗಿರಾಕಿಗೆ ಹೇಳುವ ದಿನಾಂಕ ಆ ಗೋಡೆಯ ಮೇಲಿನದ್ದೇ ಆಗಿರಲಿ. ಕೆಲವು ಗಿರಾಕಿಗಳು ಬೇರೆ ಅಂಗಡಿಗೆ ಹೋದಾರು. ಹೇಳಿದ ದಿನಕ್ಕೆ ಗೇಟು ಮನೆಗೆ ಬಂದುದನ್ನು ಕಂಡ ನೆರೆಯವರು ಅವರ ಜಾಗಕ್ಕೆ ಬರುತ್ತಾರೆ. ಗಿರಾಕಿಯ ಫೋನು ಬಂದಾಗ ಹಿಂಜರಿಯದೆ ಎತ್ತಿ ಸಲಾಮ್ ಹೇಳಬಲ್ಲ ಅಂಗಡಿಯೇ ನಮ್ಮ ದೃಷ್ಟಿಯಲ್ಲಿ ಬೆಳೆದ ಅಂಗಡಿ.